ಹುಣಸೆಹಣ್ಣಿನಲ್ಲಿ ಬೆಳಗಿದ ಕಾಡತೂಸು

"ಈ ಕಡೆಯ ಮಣ್ಣಲ್ಲಿ ಹಿತ್ತಾಳೆ ಸಿಕ್ಕಿತೆಂದರೆ ಅದು ಅಂತರ್ಯುದ್ಧದ್ದೇ." ಅಮೆರಿಕದ ದಕ್ಷಿಣ ಭಾಗದ ಈ ಸುವಾನಿಗೆ ಬಂದು ನೆಲೆಸಿದವರು ಮೊದಲ ವರ್ಷ ಈ ಮಾತನ್ನು ಕೇಳುತ್ತಾರೆ, ಎರಡನೆಯ ವರ್ಷ ತಾವೇ ಅತಿಥಿಗಳಿಗೆ ಹೇಳುತ್ತಾರೆ. ನಾನು ಮಾತ್ರ ಹೇಳಲಿಲ್ಲ. ನಾಲ್ಕು ಜನ ಒಪ್ಪಿದ್ದು ನನಗೆ ಜೀರ್ಣವಾಗುವುದಿಲ್ಲ. ಶಾಲೆ ಬೇಗ ಬಿಟ್ಟು ಗ್ರಂಥಾಲಯದಲ್ಲಿ ಕಲಿತವರಿಗೆ ತಗಲುವ ಕಾಯಿಲೆಯಿದು.

ಪಕ್ಕದ ಮನೆಯ ವಾಲ್ಟರ್ ಕೋವಿಡ್ ಕಾಲದ ಬೇಸರಕ್ಕೆ ಲೋಹ ಪತ್ತೆಹಚ್ಚುವ ಯಂತ್ರ ಕೊಂಡವರು. ಅದನ್ನು ಆಡಿಸುತ್ತ ನಮ್ಮ ಹಿತ್ತಿಲ ಮರದ ಬುಡದಿಂದ ಕಿಲುಬು ಹಿಡಿದ ಖಾಲಿ ಕಾಡತೂಸೊಂದನ್ನು ಅಗೆದು ತೆಗೆದರು. ಈ ನೆಲ ಒಮ್ಮೆ ಅವರ ಹಿರಿಯರದಂತೆ. ಮುತ್ತಜ್ಜನ ತಂದೆ ಆ ಯುದ್ಧಕ್ಕೆ ಹೋಗಿ ಮರಳಲಿಲ್ಲ. ಅವರದೆನ್ನಲು ಮನೆಯಲ್ಲಿ ಒಂದು ಅಂಗಿಯ ಗುಂಡಿಯೂ ಉಳಿದಿಲ್ಲ. ಭಾನುವಾರ, ಊರಿನ ಹಳೆಯ ವಸ್ತುಗಳನ್ನಿಡುವ ಚರ್ಚಿನ ಗಾಜಿನ ಪೆಟ್ಟಿಗೆಯಲ್ಲಿ ಆ ಹಿರಿಯರ ಹೆಸರಿನೊಡನೆ ಇದನ್ನಿಡುವುದೆಂದು ವಾಲ್ಟರ್ ನಿಶ್ಚಯಿಸಿದರು. ಪರೀಕ್ಷಿಸಿ ಕೊಡುತ್ತೇನೆಂದು ನಾನು ಅದನ್ನು ಇಸಿದುಕೊಂಡೆ.

1860ರ ದಶಕದ ಆ ಯುದ್ಧದ ಸಿಪಾಯಿಗಳಲ್ಲಿ ಹೆಚ್ಚಿನವರು ಮದ್ದುಗುಂಡನ್ನು ಕಾಗದದ ಪೊಟ್ಟಣದಲ್ಲಿಟ್ಟು, ಹಲ್ಲಿನಿಂದ ಹರಿದು ನಳಿಗೆಯ ಬಾಯಿಗೆ ಸುರಿಯುತ್ತಿದ್ದರು. ಲೋಹದ ಕಾಡತೂಸುಗಳೂ ಕೆಲವಿದ್ದವು, ನಿಜ. ಆದರೆ ಅವುಗಳಲ್ಲಿ ಬಹಳಷ್ಟನ್ನು ಸಿಡಿಸುತ್ತಿದ್ದದ್ದು ಬುಡದ ಅಂಚಿಗೆ ಹೊಡೆದು. ಬುಡದ ನಡುವೆ ಕಿಡಿಮದ್ದಿನ ಪುಟ್ಟ ಬಟ್ಟಲು ಕೂರಿಸುವ ಪದ್ಧತಿ ಬೇರೂರಿದ್ದು ಆಮೇಲೆ. ಆದ್ದರಿಂದ ಬುಡ ನೋಡಬೇಕು; ನಡುವೆ ಬಟ್ಟಲಿದ್ದರೆ ಅದು ಬಹುಶಃ ಯುದ್ಧದ ನಂತರದ್ದು. ಬುಡದ ಮೇಲೆ ಕಿಲುಬು. ಕಿಲುಬನ್ನು ಕೆರೆಯಬಾರದೆಂಬುದು ಈ ಹವ್ಯಾಸದ ಮೊದಲ ಕಟ್ಟಳೆ. ಕಾಡತೂಸನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಲೆನ್ಸ್ ಹುಡುಕಲು ಹೋದೆ.

ಮರುದಿನ ವರಮಹಾಲಕ್ಷ್ಮಿ ಹಬ್ಬ. ಲೆನ್ಸ್ ಸಿಕ್ಕಿ ಮರಳುವಷ್ಟರಲ್ಲಿ ದೀಪ, ಗಂಟೆ, ಪಂಚಪಾತ್ರೆಗಳ ಸಾಲಿನ ತುದಿಯಲ್ಲಿ ಕಾಡತೂಸೂ ಥಳಥಳಿಸುತ್ತ ನಿಂತಿತ್ತು.

"ಏನೇ ಇದು?"

"ಹಿತ್ತಾಳೆ ಅಲ್ವಾ? ಇದೊಂದನ್ನೇ ಯಾಕೆ ಬಿಡ್ಲಿ ಅಂತ ಹುಣಸೆಹಣ್ಣು ಹಾಕಿ ಉಜ್ಜಿದೆ," ಎಂದಳು ನನ್ನವಳು. "ಊದುಬತ್ತಿ ಸಿಕ್ಕಿಸೋಕೆ ಚೆನ್ನಾಗಿದೆ ರೀ."

ಬುಡ ಕನ್ನಡಿಯಂತಾಗಿತ್ತು. ನಡುವೆ ಪುಟ್ಟ ಬಟ್ಟಲು, ಅದರಲ್ಲಿ ಹೊಡೆತದ ತಗ್ಗು. ಸುತ್ತ ಎರಡು ಅಕ್ಷರ, ಎರಡು ಅಂಕೆ. ಆ ಯುದ್ಧದ್ದಲ್ಲ, ಗೆದ್ದೆನೆಂದುಕೊಂಡೆ. ಆದರೆ ಮತ್ತೆ ಯಾವ ಕಾಲದ್ದು? ಆ ಅಂಕೆ ಇಸವಿಯೋ ಗುಂಡಿನ ಅಳತೆಯೋ? ಒಂದು ಪುಸ್ತಕವನ್ನು ನಂಬಿದರೆ ಇಸವಿ, ಇನ್ನೊಂದನ್ನು ನಂಬಿದರೆ ಅಳತೆ. ಅಕ್ಷರಗಳು ಎರಡರಲ್ಲೂ ಇರಲಿಲ್ಲ. ಹಬ್ಬದ ಹೋಳಿಗೆಯೂ ರುಚಿಸಲಿಲ್ಲ.

ಶನಿವಾರ ವಾಲ್ಟರ್‌ಗೆ ಎಲ್ಲ ಹೇಳಿದೆ, ಹುಣಸೆಹಣ್ಣನ್ನೂ ಸೇರಿಸಿ. ಅವರು ಸಿಟ್ಟಾಗಲಿಲ್ಲ. ಹೊಳೆಯುವ ಹಿತ್ತಾಳೆಯನ್ನು ಅಂಗೈಯಲ್ಲಿ ಹೊರಳಿಸಿ, ಹಾಗಾದರೆ ಇದು ಯಾರದು ಎಂದು ಕೇಳಿದರು. ಇಷ್ಟು ಕಾಲ ಪರರ ಉತ್ತರಗಳನ್ನು ಅಲ್ಲಗಳೆಯುತ್ತ ಬಂದ ನಾನು ಗೊತ್ತಿಲ್ಲವೆಂದೆ. ಆ ಮಾತು ನನ್ನ ಬಾಯಿಗೆ ಅಷ್ಟೇನೂ ರೂಢಿಯಿಲ್ಲ.

ಈಗ ಚರ್ಚಿನ ಗಾಜಿನ ಪೆಟ್ಟಿಗೆಯಲ್ಲಿ ಆ ಹಿರಿಯರ ಹೆಸರಿನ ಚೀಟಿಯಿದೆ, ಅದರ ಮುಂದಿನ ಜಾಗ ಖಾಲಿ. ಸ್ವಲ್ಪ ದೂರದಲ್ಲಿ, ಬುಡ ಮೇಲಾಗಿ, ಹೆಸರಿಲ್ಲದ ಕಾಡತೂಸು. ಪಕ್ಕದಲ್ಲಿ, ನೋಡುವವರಿಗೆಂದು ವಾಲ್ಟರ್ ಇಸಿದುಕೊಂಡು ಇಟ್ಟ ನನ್ನ ಲೆನ್ಸ್. ಅದನ್ನು ಮರಳಿ ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಆ ಕಡೆ ಹೋದವರು ಬಾಗಿ ನೋಡಬಹುದು. ಎರಡು ಅಕ್ಷರ, ಎರಡು ಅಂಕೆ ಸ್ಪಷ್ಟವಾಗಿವೆ. ಬಟ್ಟಲಿನ ಸುತ್ತಲ ಸಂದಿಯಲ್ಲಿ ತುಸು ಹುಣಸೆಹಣ್ಣೂ ಇದೆ. ಅದು ಯಾರದೆಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.