ಡ್ರೈವರ್ ಚಾಚಾ ಉಳಿಸಿದ ಪೆಟ್ರೋಲು

ಮೊನ್ನೆ ಮೊಮ್ಮಗ ಅಂಗಳದಲ್ಲಿ ಕುಳಿತು ಸ್ಕೂಟರಿನ ಪ್ಲಗ್ಗನ್ನು ಪೆಟ್ರೋಲಿನಲ್ಲಿ ತೊಳೆಯುತ್ತಿದ್ದ. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ಶಿಗ್ಗಾಂವಿಯ ದವಾಖಾನೆಯ ಹಿತ್ತಲೂ ಅಲ್ಲಿ ತುದಿಗಾಲ ಮೇಲೆ ಕುಳಿತಿರುತ್ತಿದ್ದ ನಮ್ಮ ಡ್ರೈವರ್ ಚಾಚಾನೂ ಕಣ್ಣಿಗೆ ಕಟ್ಟಿದಂತಾಯಿತು...

ಅದು ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಕೂಪನ್ನಿಗೆ ಮಾತ್ರ ಸಿಗುತ್ತಿತ್ತು. ನಾನು ಕಂಪೌಂಡರ್, ಚಾಚಾ ನಮ್ಮ ಡಾಕ್ಟರ ಮೋಟಾರು ನಡೆಸುತ್ತಿದ್ದರು. ಸವಣೂರಿನವರು, ಮಾತು ಕಡಿಮೆ. ದಿನಾ ಬೆಳಿಗ್ಗೆ ಗಾಲಿಗಳಿಗೆ ಗಾಳಿ ಹೊಡೆಯುವರು, ಪೆಟ್ರೋಲಿನ ಟಾಕಿಯೊಳಗೆ ಬಿದಿರುಕಡ್ಡಿ ಇಳಿಸಿ ಎಲ್ಲಿಯವರೆಗೆ ಒದ್ದೆಯಾಗಿದೆಯೆಂದು ನೋಡುವರು. ದಾರಿಯಲ್ಲಿ ದೂರಕ್ಕೆ ಎತ್ತಿನ ಚಕ್ಕಡಿ ಕಂಡರೆ ಸಾಕು, ಆಕ್ಸಿಲರೇಟರಿನಿಂದ ಕಾಲು ಎತ್ತಿಬಿಡುವರು. ಹತ್ತಿರ ಹೋಗುವಷ್ಟರಲ್ಲಿ ಮೋಟಾರು ತಾನೇ ನಿಧಾನವಾಗಿರುತ್ತಿತ್ತು. ನನಗೂ ಗಾಡಿ ಕಲಿಸಿದರು. "ಬ್ರೇಕ್ ತುಳದಿ ಅಂದ್ರ ಅಷ್ಟು ಪೆಟ್ರೋಲ್ ಮಣ್ಣಾಗ ಚೆಲ್ಲಿದಿ ಅಂತ ತಿಳಕೋ ತಮ್ಮಾ," ಎನ್ನುತ್ತಿದ್ದರು.

ನಾನು ತಿಳಿದುಕೊಳ್ಳಲಿಲ್ಲ. ಆಗಷ್ಟೇ ಮದುವೆಯಾಗಿತ್ತು. ಡಾಕ್ಟರು ಧಾರವಾಡಕ್ಕೆ ಹೋಗಿದ್ದರು, ಚಾಚಾ ಜ್ವರ ಬಂದು ಮಲಗಿದ್ದರು, ಕೀಲಿ ನನ್ನ ಕೈಯಲ್ಲಿತ್ತು. ಹೆಂಡತಿಯನ್ನು ಕರೆತರಲು ಹತ್ತಿಮತ್ತೂರಿಗೆ ಮೋಟಾರು ಒಯ್ದೆ. ಬೀಗರೂರಲ್ಲಿ ಮೆರೆಯುವ ಹುಚ್ಚು. ಮೂವರು ಭಾವಮೈದುನರನ್ನು ಹತ್ತಿಸಿಕೊಂಡು ಊರೆಲ್ಲ ಸುತ್ತಿ ಧೂಳೆಬ್ಬಿಸಿದೆ.

ಮರುದಿನ ಚಾಚಾ ಕಡ್ಡಿ ಇಳಿಸಿ ನೋಡಿದರು. ನಂತರ ನನ್ನ ಮುಖ ನೋಡಿದರು.

"ಎಷ್ಟು ಮಂದಿ ಹತ್ತಿದ್ರೋ?"

ಹೇಳಿದೆ. ಅವರು ಟಾಕಿಯ ಮುಚ್ಚಳ ಹಾಕಿದರು.

ಡಾಕ್ಟರು ಊರಿಗೆ ಮರಳಿದ ದಿನವೇ ಹಿರೇಬೆಂಡಿಗೇರಿಯಿಂದ ಒಬ್ಬ ರೈತ ಓಡಿಬಂದ. ಅವನ ಹೆಂಡತಿಗೆ ಎರಡು ದಿನದಿಂದ ಹೆರಿಗೆ ಬೇನೆ. ಡಾಕ್ಟರು ಹೋಗಿ ನೋಡಿದವರೇ, ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ಯಬೇಕೆಂದು ಚೀಟಿ ಬರೆದುಕೊಟ್ಟು ನನ್ನನ್ನು ಜೊತೆಗೆ ಕಳಿಸಿದರು. ಹೊಸ ಕೂಪನ್ನು ಬರಲು ಇನ್ನೂ ನಾಲ್ಕು ದಿನವಿತ್ತು. ಪೆಟ್ರೋಲು ಅಷ್ಟು ದೂರಕ್ಕೆ ಸಾಲದೆಂದು ಗೊತ್ತಿದ್ದವರು ನಾವಿಬ್ಬರೇ.

ಭಾರ ಕಡಿಮೆಯಾಗಲೆಂದು ಚಾಚಾ ಹೆಚ್ಚಿನ ಗಾಲಿ, ಹತಾರಿನ ಪೆಟ್ಟಿಗೆ ಎಲ್ಲ ಇಳಿಸಿದರು. ಅಂದು ಅವರು ನಡೆಸಿದ ರೀತಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಏರಿನಲ್ಲಿ ಅವಸರವಿಲ್ಲ, ಇಳಿಜಾರು ಬಂದರೆ ಇಂಜಿನ್ನು ಬಂದ್. ಗಾಳಿಯ ಸದ್ದು, ಆ ಹೆಣ್ಣುಮಗಳ ನರಳಾಟ ಎರಡೇ ಕೇಳುತ್ತಿದ್ದವು. ನಾನು ಅಳುತ್ತಿದ್ದೆ.

"ಈಗ ಅಳಬ್ಯಾಡ. ಆಕಿನ್ನ ಗಟ್ಟ್ಯಾಗಿ ಹಿಡಕೋ," ಎಂದರು ಚಾಚಾ.

ಹುಬ್ಬಳ್ಳಿಯ ಮನೆಗಳು ಕಾಣಿಸಿದಾಗ ಇಂಜಿನ್ನು ಒಮ್ಮೆ ಕೆಮ್ಮಿ ನಿಂತಿತು. ಚಾಚಾ ಇಳಿದು ಕೂಗಿದರು. ದಾರಿಹೋಕರು ಕೂಡಿ ದವಾಖಾನೆಯ ಬಾಗಿಲತನಕ ನೂಕಿದರು. ಸಂಜೆ ಗಂಡುಮಗು ಹುಟ್ಟಿತು. ತಾಯಿಯೂ ಉಳಿದಳು.

ಆದರೆ ಪೆಟ್ರೋಲು ಏನಾಯಿತೆಂದು ಡಾಕ್ಟರು ಕೇಳದೆ ಬಿಡಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಚಾಚಾ, "ನಾನ ಗಾಡಿ ಒಯ್ದಿದ್ನಿರಿ, ಸಾಹೇಬ್ರ. ನನ್ನ ತಪ್ಪು," ಎಂದುಬಿಟ್ಟರು. ಡಾಕ್ಟರು ಅವರನ್ನು ಕೆಲಸದಿಂದ ತೆಗೆದು, ಕೀಲಿಗಾಗಿ ಕೈ ಚಾಚಿದರು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ...

ನಿಜ ಹೇಳುವ ಧೈರ್ಯ ನನಗೆ ಬರಲು ಎಂಟು ತಿಂಗಳು ಬೇಕಾಯಿತು. ಡಾಕ್ಟರು, "ಹೋಗಿ ಕರಕೊಂಡು ಬಾ," ಎಂದರು.

ಚಾಚಾ ಹಿರೇಕೆರೂರಿನಲ್ಲಿ, ಪೆಟ್ರೋಲಿನ ಬದಲು ಇದ್ದಿಲ ಹೊಗೆಯಿಂದ ಓಡುವ ಬಸ್ಸು ನಡೆಸುತ್ತಿದ್ದರು. ಮೈಯೆಲ್ಲ ಮಸಿ. ನಾನು ಕಾಲು ಹಿಡಿದೆ.

"ಯಾಕ ಹಂಗ ಹೇಳಿದ್ರಿ ಚಾಚಾ?"

"ನನಗ ಇನ್ನೊಂದು ಗಾಡಿ ಸಿಗತೈತಿ. ಹೊಸದಾಗಿ ಸಂಸಾರ ಹೂಡಿದಾಂವ, ನೀ ಎಲ್ಲಿ ಹೋಗಾಂವ?" ಎಂದು ನನ್ನನ್ನು ಎಬ್ಬಿಸಿದರು. ಡಾಕ್ಟರು ಕರೆಯುತ್ತಿದ್ದಾರೆಂದೆ. ಮಂದಿ ಬಸ್ಸಿನಲ್ಲಿ ಕುಳಿತಾಗಿತ್ತು. "ಸಾಹೇಬ್ರಿಗೆ ಸಲಾಂ ಹೇಳು. ಇವ್ರನ್ನ ಬಿಟ್ಟು ಹ್ಯಾಂಗ ಬರ್ಲಿ?" ಎಂದು ಹತ್ತಿ ಹೊರಟರು. ಅವರನ್ನು ನಾನು ಕಂಡದ್ದು ಅದೇ ಕೊನೆ. ಮತ್ತೆ ಹೋಗಬೇಕು, ಹೋಗಬೇಕು ಎನ್ನುತ್ತಲೇ ವರ್ಷಗಳು ಸರಿದವು...

ಮೊಮ್ಮಗನಿಗೆ ಇದನ್ನೆಲ್ಲ ಹೇಳಿದೆ. ನಿನ್ನೆ ಅವನೇ ನನ್ನನ್ನು ಹಿರೇಕೆರೂರಿಗೆ ಕರೆದುಕೊಂಡು ಹೋದ. ಬಸ್ ನಿಲ್ದಾಣದ ಸುತ್ತಮುತ್ತ, ಮಸೀದಿಯ ಓಣಿಯಲ್ಲಿ, ಚಾಚಾನ ಹೆಸರು ಹೇಳಿ ಕೇಳಿದೆವು. ಎಲ್ಲರೂ ಮರ್ಯಾದೆಯಿಂದ ಕೂರಿಸಿ ಚಹಾ ಕೊಟ್ಟರು. ಅವರನ್ನು ಬಲ್ಲವರು ಒಬ್ಬರೂ ಉಳಿದಿರಲಿಲ್ಲ.