ಮುಂದೋಡುವ ಹಳದಿ ಗುರುತು

ಅಣ್ಣ ಬೋರ್ಡು ಬರೆಯುವವನು. ಪೇಟೆಯ ಅರ್ಧ ಅಂಗಡಿಗಳ ಹೆಸರು ಅವನ ಕೈಯಿಂದಲೇ ಗೋಡೆ ಹತ್ತಿದ್ದು. ಅಂಥವನಿಗೆ ಲಕ್ವ ಹೊಡೆಯಿತು. ಕೈ ಹೇಗೋ ಸುಧಾರಿಸಿತು, ಅಕ್ಷರಗಳು ಮಾತ್ರ ಮಂಗಮಾಯ. ಮಾತೂ ತಡವರಿಸುತ್ತಿತ್ತು. ತಾನೇ ಬರೆದ ಬೋರ್ಡಿನ ಕೆಳಗೆ ಪೆಚ್ಚಾಗಿ ನಿಂತು ಮನೆಗೆ ಬಂದವನು ಮತ್ತೆ ಆ ಬೀದಿಗೆ ಕಾಲಿಡಲಿಲ್ಲ.

ತಂಗಿ ಪ್ರೋಗ್ರಾಮರ್ ಆಗಿರುವ ಕಂಪನಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಮಾಡುತ್ತದೆ. ದನಿ ಯಾವ ಪದ ನುಡಿಯುತ್ತದೋ ಆ ಪದದ ಮೇಲೆ ಹಳದಿ ಗುರುತು ಬೀಳಬೇಕು. ಕೇಳುತ್ತಾ ನೋಡುತ್ತಾ ಅಣ್ಣ ಮತ್ತೆ ಓದು ಕಲಿಯಲಿ ಎಂದು ಅವಳೇ ಅದನ್ನು ಅವನ ಫೋನಿಗೆ ಹಾಕಿಕೊಟ್ಟಿದ್ದಳು.

ಭಾನುವಾರ ತಂಗಿ ಹೋಗಿ ನೋಡಿದರೆ ಅಣ್ಣ ಊಟದ ಮೇಜಿನ ಮುಂದೆ ಕೂತು ಪಾಠ ಒಪ್ಪಿಸುತ್ತಿದ್ದ. ‘ಅಕ್ಕ ಬಂದಳು. ನೀರು ಕೊಟ್ಟಳು.’ ಅತ್ತಿಗೆ ‘ನೀರು ಎಲ್ಲಿದೆ ತೋರ್ಸಿ’ ಎಂದರೆ ‘ಕೊಟ್ಟಳು’ ಮೇಲೆ ಬೆರಳಿಟ್ಟ.

“ದಿನಾ ಇದೇ ರಾಮಾಯಣ ಕಣೆ,” ಎಂದಳು ಅತ್ತಿಗೆ. “ಎಷ್ಟು ಹೇಳಿದ್ರೂ ತಲೆಗೇ ಹೋಗಲ್ಲ.”

ಅಣ್ಣ ತನ್ನ ಹಣೆಗೆ ತಾನೇ ರಪ್ಪನೆ ಹೊಡೆದುಕೊಂಡ. “ದಡ್ಡ... ನಾನು,” ಎಂದು ಗಳಗಳ ಅತ್ತುಬಿಟ್ಟ.

ತಂಗಿ ಫೋನು ಎತ್ತಿಕೊಂಡು ಪಾಠ ಓದಿಸಿದಳು. ದನಿ ‘ನೀರು’ ಎನ್ನುವಾಗ ಹಳದಿ ಗುರುತು ‘ಕೊಟ್ಟಳು’ ಮೇಲೆ ಕೂತಿತ್ತು! ಅವಳಿಗೆ ಮೈಯೆಲ್ಲ ಉರಿದುಹೋಯಿತು. ದನಿ ಎಷ್ಟನೇ ಅಕ್ಷರಕ್ಕೆ ಬಂದಿದೆ ಎಂದು ಎಣಿಸಿಯೇ ಗುರುತು ಬೀಳುವುದು, ಆದರೆ ಎಣಿಕೆ ಎರಡು ಬಗೆ. ಕಣ್ಣಿಗೆ ಒಂದೇ ಆದ ‘ಕ್ಕ’ ದನಿಯ ಲೆಕ್ಕದಲ್ಲಿ ಮೂರು ತುಂಡು: ಕ, ಒತ್ತು ಕೂಡಿಸುವ ಚಿಹ್ನೆ, ಇನ್ನೊಂದು ಕ. ಗುರುತು ಹಾಕುವ ಕಡೆ ಅದು ಒಂದೇ. ಒತ್ತು, ಕೊಂಬು, ಸೊನ್ನೆ ಬಂದಹಾಗೆಲ್ಲ ಗುರುತು ಮುಂದಕ್ಕೆ ಜಾರುತ್ತಿತ್ತು. ಆ್ಯಪ್ ಕಲಿಸಿದ್ದನ್ನೇ ಅಣ್ಣ ಚಾಚೂ ತಪ್ಪದೆ ಕಲಿತಿದ್ದ.

ಮರುದಿನ ಮ್ಯಾನೇಜರನ ಮುಂದೆ ಹೋಗಿ ನಿಂತಳು.

“ಓ ಅದಾ? ಹಳೇ ದೂರು, ಗೊತ್ತು,” ಎಂದ ಆತ. “ಇಂಗ್ಲಿಷ್‌ನಲ್ಲಿ ಸರಿಯಾಗಿದೆಯಲ್ಲ. ಇಲ್ಲಿ ಒಂದು ಪದ ಆಚೆ ಈಚೆ ಆದ್ರೆ ಯಾರ ಗಂಟು ಹೋಗತ್ತೆ? ಕಿವಿಗೆ ಕೇಳತ್ತಲ್ಲ!”

“ಕಿವಿಗೆ ಕೇಳಿದ್ರೆ ಸಾಕು ಅಂದ್ರೆ ಗುರುತು ಯಾಕ್ರೀ ಹಾಕ್ತೀರಿ? ಚೆಂದಕ್ಕಾ?”

ಆತ ಸೊಪ್ಪು ಹಾಕಲಿಲ್ಲ. ಮುಂದಿನ ಸಲ ನೋಡೋಣವಂತೆ. ಗೊತ್ತಿತ್ತಂತೆ ಮಹಾರಾಯನಿಗೆ! ಗೊತ್ತಿದ್ದೂ ಸುಮ್ಮನೆ ಕೂತಿದ್ದನಲ್ಲ, ಅವನ ಉದಾಸೀನಕ್ಕೆ ಬೆಂಕಿ ಬೀಳ! ತಂಗಿ ತಾನೇ ಎರಡೂ ಕಡೆಯ ಲೆಕ್ಕ ಹೊಂದಿಸಿ, ಸರಿಯಾದ ಆ್ಯಪನ್ನು ಅಣ್ಣನ ಫೋನಿಗೆ ಹಾಕಿದಳು. ಉಳಿದವರ ಫೋನಿಗೆ ಹೋಗಬೇಕಾದರೆ ಆ ಪುಣ್ಯಾತ್ಮ ಹೂಂ ಅನ್ನಬೇಕಿತ್ತು.

ಈಗ ‘ನೀರು’ ಎಂದಾಗ ಗುರುತು ‘ನೀರು’ ಮೇಲೆಯೇ ಬಿತ್ತು. ಅಣ್ಣ ಅಲ್ಲವೆಂದು ತಲೆಯಾಡಿಸಿದ. “ತಪ್ಪು... ಇದು.”

“ಇದೇ ಸರಿ ಅಣ್ಣಾ. ಮೊದಲಿದ್ದದ್ದು ತಪ್ಪು. ನಮ್ಮ ಮ್ಯಾನೇಜರ್‌ಗೆ ಗೊತ್ತಿತ್ತಂತೆ, ಹಾಗೇ ಬಿಟ್ಟಿದ್ದ.”

ಅಣ್ಣ ಅವಳನ್ನೇ ನೋಡಿದ. ಮುಖ ಕೆಂಪಗಾಯಿತು. “ಫೋನ್ ಮಾಡು. ಅವನಿಗೆ.”

“ಬೇಡ್ರೀ, ಅವಳ ಕೆಲಸಕ್ಕೆ ಕುತ್ತು ಬಂದೀತು,” ಎಂದಳು ಅತ್ತಿಗೆ.

ತಂಗಿ ನಂಬರು ಒತ್ತಿ ಫೋನನ್ನು ಅಣ್ಣನ ಕೈಗೆ ಕೊಟ್ಟಳು. ಅತ್ತ ಮ್ಯಾನೇಜರ್ “ಹಲೋ, ಯಾರು?” ಎನ್ನುತ್ತಿದ್ದ. ಅಣ್ಣ ಪದಕ್ಕಾಗಿ ತಡಕಾಡಿದ. ತಂಗಿ ಬಾಯಿ ಹಾಕಲಿಲ್ಲ.

“ತಪ್ಪು,” ಎಂದ ಅಣ್ಣ ಕೊನೆಗೆ, ಒಂದೊಂದೇ ಪದ ಎಳೆದು ತರುತ್ತಾ, “ನಂದಲ್ಲ. ನಿಂದು.”