ಮೂರು ಸಲ ಕೇಳುತ್ತಿದ್ದ ಶರಣಮ್ಮಕ್ಕ

ಬೇರೆ ಯಾರೋ ಶರಣಮ್ಮ ಇರಬೇಕು ಅಂದುಕೊಂಡೆ...
ಗ್ರೂಪಿಗೆ ಬಂದ ಫೋಟೋ ನೋಡಿದ ಮೇಲೂ ಹಾಗೇ ಅಂದುಕೊಂಡೆ.
ಕೊನೆಗೆ ಅವರ ಮಗಳಿಗೆ ಫೋನ್ ಮಾಡಿದೆ.
"ಹೌದ್ರಿ ಅಣ್ಣಾ... ಅವ್ವ ಹೋದ್ಳು" ಅಂದಳು.
ಹಾರ್ಟ್ ಅಟ್ಯಾಕ್ ಅಂತೆ.

ನಿಮ್ಮಲ್ಲಿ ಹಲವರಿಗೆ ಅಕ್ಕ ಗೊತ್ತಿಲ್ಲ.
ಕೆಟ್ಟ ನೀರಿನಿಂದ ಹೊಟ್ಟೆ ಸೇರುವ, ಕಣ್ಣಿಗೆ ಕಾಣದ ಪರಾವಲಂಬಿ ಒಂದಿದೆ... ಜಿಯಾರ್ಡಿಯಾ.
ಅದು ಎಷ್ಟು ಜನರಲ್ಲಿದೆ ಅಂತ ಮಹದೇವಪುರದಲ್ಲಿ, ಊರು ಬಿಟ್ಟು ದುಡಿಯಲು ಬಂದವರ ಬಾಡಿಗೆ ರೂಮುಗಳಲ್ಲಿ ನಮ್ಮದೊಂದು ಸರ್ವೆ.
ನಾನು ಶಿವಾಜಿನಗರದ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ನೋಡುವವನು.
ಮನೆಮನೆ ಸುತ್ತಿ ಮಲದ ಡಬ್ಬಿ ತರುತ್ತಿದ್ದವರು ಯಾದಗಿರಿಯ ಈ ಶರಣಮ್ಮಕ್ಕ.

ಮೊದಲ ವಾರ ನಾನೂ ಜೊತೆಗೆ ಹೋಗಿದ್ದೆ.
"ಲೂಸ್ ಮೋಷನ್ ಇದ್ಯಾ?" ಅಂತ ಕೇಳಿದೆ.
ಎಲ್ಲ ಬಾಗಿಲಲ್ಲೂ ಒಂದೇ ಉತ್ತರ, "ಇಲ್ರಿ."
ಫಾರಂ ತುಂಬ 'ಇಲ್ಲ' ಅಂತ ಟಿಕ್ ಹಾಕುತ್ತಾ ಹೋದೆ. ಕೆಲಸ ಬೇಗ ಮುಗಿಯಿತು ಅಂತ ಖುಷಿ ಬೇರೆ!

ಅಕ್ಕ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು.
"ಏ ತಮ್ಮಾ, ಒಮ್ಮೆ ಇಲ್ಲ ಅಂದ್ರ ಅದು ನಾಚ್ಕಿ. ಎರಡ್ನೇ ಸಲ ಇಲ್ಲ ಅಂದ್ರ ಅಂಜ್ಕಿ. ಮೂರ್ನೇ ಸಲಾನೂ ಇಲ್ಲ ಅಂದ್ರ... ಆಗ ಬರ್ಕೋ."

ಅದೇ ಬಾಗಿಲುಗಳಿಗೆ ಮತ್ತೆ ಹೋದರು. ಹೊಸ್ತಿಲ ಮೇಲೆ ಕೂತು ಚಾ ಕುಡಿದು, ಊರಿನ ಸುದ್ದಿ ಮಾತಾಡಿ, ನಾನು ಕೇಳಿದ್ದನ್ನೇ ಮೆಲ್ಲಗೆ ಅವರ ಮಾತಿನಲ್ಲಿ, "ಸಂಡಾಸ ಹತ್ಯಾವೇನ ಯವ್ವಾ?" ಅಂತ ಕೇಳಿದರು.
ಆ ವಾರ ಬ್ಯಾಗ್ ತುಂಬ ಡಬ್ಬಿ ಬಂತು.

ಒಂದು ಮಗುವಿನ ಎರಡು ಸ್ಯಾಂಪಲ್ ನೋಡಿ ನಾನು ಏನೂ ಇಲ್ಲ ಅಂದೆ. ಅಕ್ಕ ಬಿಡಲಿಲ್ಲ, ಮೂರನೆಯದನ್ನೂ ತಂದರು. ಅದರಲ್ಲಿ ಜಿಯಾರ್ಡಿಯಾ ಸಿಕ್ಕಿತು; ಅದು ಮಲದಲ್ಲಿ ದಿನಾ ಕಾಣಿಸಿಕೊಳ್ಳುವುದಿಲ್ಲ.
ಔಷಧಿ ತಗೊಂಡ ಆ ಪುಟ್ಟಿ ಈಗ ಓಣಿಯಲ್ಲೆಲ್ಲ ಓಡಾಡುತ್ತಾಳೆ.

ಅಕ್ಕಾ...
ಶುಕ್ರವಾರ ಲ್ಯಾಬಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತುಬಿಟ್ಟಿದ್ದಿರಿ.
ಬ್ಯಾಗ್ ಮಡಿಲಲ್ಲಿತ್ತು. ಮುಖವೆಲ್ಲ ಬೆವರು.
"ಹುಷಾರಿಲ್ವಾ ಅಕ್ಕಾ?" ಅಂದೆ.
"ಏನಿಲ್ಲ ತಮ್ಮಾ, ಬಿಸಿಲು ಅಷ್ಟ" ಅಂದಿರಿ.

ನಾನು ಡಬ್ಬಿ ಎಣಿಸಿಕೊಂಡು ಒಳಗೆ ಹೋದೆ...
ಥೂ, ನನ್ನ ಬುದ್ಧಿಗೆ ಏನು ಬಡಿದಿತ್ತು!
ಇಷ್ಟು ದಿನ ನಿಮ್ಮ ಹಿಂದೆ ತಿರುಗಿ ಏನು ಕಲಿತೆ ನಾನು?

ನಾಚಿಕೆಯೋ, ಅಂಜಿಕೆಯೋ... ನೀವು ಇಲ್ಲ ಅಂದಿರಿ. ನಾನು ಬರೆದುಕೊಂಡುಬಿಟ್ಟೆ.

ಇವತ್ತು ನಿಮ್ಮ ಮಗಳನ್ನು ಮೂರು ಸಲ ಕೇಳಿದೆ, ನಿಜವೇನಮ್ಮಾ ಅಂತ.
ನಿಮ್ಮನ್ನು ಮಾತ್ರ ಒಂದೇ ಸಲ ಕೇಳಿದ್ದೆ ಅಕ್ಕಾ...
ಒಂದೇ ಸಲ.

ಸುತ್ತಿದ್ದು ಸಾಕು, ನಿಮ್ಮ ಜೀವ ತಣ್ಣಗಿರಲಿ. ಹೋಗಿ ಬನ್ನಿ ಅಕ್ಕಾ... 🙏